ಮೇಸ್ತ್ರಿಯ ಕಮಿಷನ್, ವಜ್ರದ ಪದವಿ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿ ತೋಟಗಳಲ್ಲಿ ‘ಮೇಸ್ತ್ರಿ’ ಎಂದರೆ ಗೋಡೆ ಕಟ್ಟುವವನಲ್ಲ, ಆಳುಗಳನ್ನು ಕರೆತರುವವನು. ಹತ್ತೊಂಬತ್ತನೆಯ ಶತಮಾನದಲ್ಲಿ ಮಲೆನಾಡಿನಲ್ಲಿ ತೋಟಗಳು ಹಬ್ಬಿದಂತೆ ಹಣ್ಣು ಕೊಯ್ಯುವ ಕೈಗಳು ಸಾಲದಾದವು. ಮಾಲೀಕರು ಮೇಸ್ತ್ರಿಗೆ ಮುಂಗಡ ಕೊಡುತ್ತಿದ್ದರು. ಆತ ಅದನ್ನು ಘಟ್ಟದ ಕೆಳಗಿನ ಊರುಗಳಲ್ಲಿ ಹಂಚಿ ತನ್ನ ಗುಂಪನ್ನು ಘಟ್ಟ ಹತ್ತಿಸುತ್ತಿದ್ದ. ಗುಂಪು ಗಳಿಸಿದ ಕೂಲಿಯ ಮೇಲೆ ಅವನಿಗೆ ಕಮಿಷನ್. ತಲೆ ಹೆಚ್ಚಿದಷ್ಟೂ ಆದಾಯ, ಆದಾಯ ಹೆಚ್ಚಿದಷ್ಟೂ ಮರ್ಯಾದೆ.

ಈ ಪದ್ಧತಿ ನ್ಯಾಯದ್ದೇನೂ ಆಗಿರಲಿಲ್ಲ. ಮುಂಗಡದ ಸಾಲ ಆಳನ್ನು ತೋಟಕ್ಕೆ ಕಟ್ಟಿಹಾಕುತ್ತಿತ್ತು. ಬ್ರಿಟಿಷ್ ಆಡಳಿತದ 1859ರ ಕಾಯ್ದೆಯಲ್ಲಂತೂ ಮುಂಗಡ ಪಡೆದು ಕೆಲಸಕ್ಕೆ ತಪ್ಪಿದವನಿಗೆ ಸೆರೆವಾಸಕ್ಕೂ ಅವಕಾಶವಿತ್ತು. ಆದರೂ ಒಂದು ಮಾತು ನಿಜ: ಮೇಸ್ತ್ರಿಯ ಕಮಿಷನ್ನಿನ ಹಿಂದೆ ಕಣದಲ್ಲಿ ಒಣಗುವ ಕಾಫಿ ಇತ್ತು. ಹಣ ಮೊದಲು ಮೇಲಿನಿಂದ ಕೆಳಗೆ ಇಳಿಯುತ್ತಿತ್ತು.

ಇತ್ತೀಚಿನ ವರ್ಷಗಳಲ್ಲಿ ಕ್ರಿಪ್ಟೊ ನಾಣ್ಯದ ಹೆಸರಿನಲ್ಲಿ ಹುಟ್ಟಿಕೊಂಡ ಸದಸ್ಯರ ಸರಪಳಿಗಳಲ್ಲಿ ಈ ದಾರಿ ತಿರುವುಮುರುವಾಗಿದೆ. ಇಲ್ಲಿ ಹೊಸಬನೇ ಹಣ ಕಟ್ಟಿ ಒಳಗೆ ಬರಬೇಕು. ಅದರಲ್ಲೊಂದು ಪಾಲು ಅವನನ್ನು ಸೇರಿಸಿದವನಿಗೆ, ಮತ್ತೊಂದು ಪಾಲು ಅವನಿಗೂ ಮೇಲಿನವನಿಗೆ. ಕೆಳಗಿನ ಸಾಲು ಬೆಳೆದಂತೆ ಪದವಿ ಏರುತ್ತದೆ. 2014ರಲ್ಲಿ ಬಲ್ಗೇರಿಯಾದಲ್ಲಿ ಆರಂಭವಾದ ‘ಒನ್‌ಕಾಯಿನ್’ ಜಾಲದಲ್ಲಿ ಮಾಣಿಕ್ಯ, ಪಚ್ಚೆ, ವಜ್ರ, ನೀಲಿ ವಜ್ರ, ಕಪ್ಪು ವಜ್ರ, ಕಿರೀಟ ವಜ್ರ ಎಂಬ ಅಂತಸ್ತುಗಳಿದ್ದವು. ಕಮಿಷನ್ನಿನ ಒಂದು ಭಾಗವನ್ನು ನಗದಿನ ಬದಲು ಅದೇ ನಾಣ್ಯದಲ್ಲಿ ಕೊಡಲಾಗುತ್ತಿತ್ತು. ಆ ನಾಣ್ಯಕ್ಕೆ ಹೊರಗೆ ಬೆಲೆಯೇ ಇರಲಿಲ್ಲ. ಸಂಸ್ಥಾಪಕಿ ರೂಜಾ ಇಗ್ನಾಟೋವಾ 2017ರಲ್ಲಿ ಕಣ್ಮರೆಯಾದರು. ಸಹ ಸಂಸ್ಥಾಪಕ ಗ್ರೀನ್‌ವುಡ್‌ಗೆ 2023ರಲ್ಲಿ ಅಮೆರಿಕದ ನ್ಯಾಯಾಲಯ 20 ವರ್ಷ ಸೆರೆವಾಸ ವಿಧಿಸಿತು. ಭಾರತದ್ದೇ ಆದ ‘ಗೇನ್‌ಬಿಟ್‌ಕಾಯಿನ್’ ತಿಂಗಳಿಗೆ ಶೇ 10ರಂತೆ 18 ತಿಂಗಳ ಪ್ರತಿಫಲದ ಆಸೆ ತೋರಿಸಿತ್ತು.

ಇಂಥ ಸರಪಳಿ ಏಕೆ ತುಂಡಾಗಲೇಬೇಕು ಎಂಬುದಕ್ಕೆ ಮಗ್ಗಿ ಸಾಕು. ಒಬ್ಬ ಐವರನ್ನು, ಆ ಐವರು ತಲಾ ಐವರನ್ನು ಸೇರಿಸಿದರೆ ಎರಡನೆಯ ಸಾಲಿಗೆ 25 ಮಂದಿ, ಮೂರನೆಯದಕ್ಕೆ 125. ಎಂಟನೆಯ ಸಾಲಿಗೆ 3,90,625. ಒಂಬತ್ತನೆಯ ಸಾಲಿಗೆ ಬೇಕಾಗುವವರು 19,53,125 ಮಂದಿ. 2011ರ ಜನಗಣತಿಯಂತೆ ಇಡೀ ಚಿಕ್ಕಮಗಳೂರು ಜಿಲ್ಲೆಯಲ್ಲಿ ಇದ್ದವರೇ 11,37,961. ಸರಪಳಿ ಯಾವ ಸಾಲಿನಲ್ಲಿ ನಿಂತರೂ ಐವರಲ್ಲಿ ನಾಲ್ವರು ಕೊನೆಯ ಸಾಲಿನವರೇ. ಅವರ ಕೆಳಗೆ ಹಣ ಕಟ್ಟುವವರು ಯಾರೂ ಇರುವುದಿಲ್ಲ.

ಹಣ ಚಲಾವಣೆ ಯೋಜನೆಗಳನ್ನು ನಮ್ಮ ದೇಶ 1978ರಲ್ಲೇ ಕಾಯ್ದೆಯ ಮೂಲಕ ನಿಷೇಧಿಸಿದೆ. ನೇರ ಮಾರಾಟದ ಹೆಸರಿನ ಪಿರಮಿಡ್ ಯೋಜನೆಗಳಿಗೆ 2021ರ ನಿಯಮಗಳೂ ತಡೆಯೊಡ್ಡಿವೆ. ಆದರೆ ಇಲ್ಲಿ ಕಾನೂನಿಗಿಂತ ಮೊದಲು ಕೆಲಸ ಮಾಡುವುದು ನಂಟಸ್ತಿಕೆ. ಸದಸ್ಯನಾಗೆಂದು ಕರೆಯುವವನು ಅಪರಿಚಿತನಲ್ಲ. ಭಾವಮೈದುನ, ಸಹಪಾಠಿ, ಪಕ್ಕದ ತೋಟದವನು. ಸರಪಳಿ ಕಡಿದಾಗ ದುಡ್ಡಿನೊಡನೆ ಮನೆಗಳ ನಡುವಿನ ಮಾತೂ ನಿಲ್ಲುತ್ತದೆ.

ಪದವಿ ಎಷ್ಟೇ ಹೊಳೆಯಲಿ, ಕೇಳಬೇಕಾದ ಪ್ರಶ್ನೆ ಕಾಫಿ ಸೀಮೆಗೆ ಹೊಸದಲ್ಲ: ಕಣದಲ್ಲಿ ಏನು ಒಣಗುತ್ತಿದೆ?