ಜೇಜುರಿಯ ನೆರಳಲ್ಲಿ ಕೂಸುಗಳ ತಿಂಗಳ ಲೆಕ್ಕ

ಪುಣೆಯಿಂದ ಸುಮಾರು 50 ಕಿ.ಮೀ. ದೂರದ ಜೇಜುರಿ ಗುಡ್ಡ ಹತ್ತುವವರ ಕಂಕುಳಲ್ಲಿ ಕೂಸುಗಳೂ ಬಹಳ. ಇಲ್ಲಿನ ಖಂಡೋಬಾ ನಮ್ಮ ಮೈಲಾರಲಿಂಗನೇ. ಉತ್ತರ ಕರ್ನಾಟಕದ ಎಷ್ಟೋ ಮನೆತನಗಳ ಕುಲದೇವರು. ಹರಕೆಯ ಕೂಸಿನ ಜವಳ ತೆಗೆಸಲು ಐದೋ ಏಳೋ ಒಂಬತ್ತೋ, ಅಂತೂ ಬೆಸ ತಿಂಗಳು ನೋಡಿ ಬರುತ್ತಾರೆ. ಬೋಳು ತಲೆಗೆ ಅರಿಸಿನದ ಭಂಡಾರ ಬಳಿಸಿಕೊಂಡ ನಾಲ್ಕು ಕೂಸುಗಳು ಒಂದೇ ನೆರಳಲ್ಲಿ ಸೇರಿದರೆ ಮುಗಿಯಿತು. ‘ನಿಮ್ಮದಕ್ಕ ಎಷ್ಟು ತಿಂಗಳ್ರೀ? ಇನ್ನೂ ಅಂಬೆಗಾಲು ಇಡಂಗಿಲ್ಲೇನು? ನಮ್ಮದು ಏಳಕ್ಕ ಮನಿಯೆಲ್ಲಾ ತಿರುಗತಿತ್ತು ನೋಡ್ರಿ!’ ಕೇಳಿಸಿಕೊಂಡ ತಾಯಿಯ ಮುಖ ಸಪ್ಪಗಾಗುತ್ತದೆ.

ಸಪ್ಪಗಾಗಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕದ ಆರೋಗ್ಯವಂತ ಮಕ್ಕಳನ್ನು ತಿಂಗಳು ತಿಂಗಳೂ ಗಮನಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆಯೇ ಇದೆ. ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳೊಳಗೆ ಯಾವಾಗಲಾದರೂ ಸರಿ. ಅಂಬೆಗಾಲಿಗೆ 5.2ರಿಂದ 13.5, ತಾನಾಗಿ ನಡೆಯಲು 8.2ರಿಂದ 17.6 ತಿಂಗಳು. ಶೇ 4ರಷ್ಟು ಮಕ್ಕಳು ಅಂಬೆಗಾಲು ಇಡದೆಯೇ ಎದ್ದು ನಿಂತರು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಂತೂ 2022ರಲ್ಲಿ ತನ್ನ ಬೆಳವಣಿಗೆಯ ಹಂತಗಳ ಪಟ್ಟಿಯಿಂದ ಅಂಬೆಗಾಲನ್ನೇ ತೆಗೆದುಹಾಕಿತು. ಇನ್ನು ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ವಯಸ್ಸನ್ನು ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಎಣಿಸಬೇಕು. ಎರಡು ತಿಂಗಳು ಮೊದಲೇ ಬಂದ ಕೂಸಿನಿಂದ ಒಂಬತ್ತನೇ ತಿಂಗಳಲ್ಲಿ ಏಳು ತಿಂಗಳ ಆಟ ನಿರೀಕ್ಷಿಸುವುದೇ ನ್ಯಾಯ.

ಆದರೆ ‘ಅವರಪ್ಪನೂ ತಡವಾಗಿಯೇ ನಡೆದಿದ್ದ, ಬಿಡು’ ಎನ್ನುವ ಅಜ್ಜಿಯ ಧೈರ್ಯ ನನಗೆ ಆ ಹೋಲಿಕೆಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ಕಾಯಬಾರದ ಸಂಗತಿಗಳೂ ಇವೆ. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ನಾಲ್ಕು ತುಂಬಿದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ದಾಟಿದರೂ ಕೂರದಿದ್ದರೆ ವೈದ್ಯರಿಗೆ ತೋರಿಸಬೇಕು. ವರ್ಷದೊಳಗೇ ಒಂದು ಕೈಯನ್ನಷ್ಟೇ ಬಳಸಿದರೆ ‘ಎಡಚ’ ಎಂದು ನಗುತ್ತೇವೆ. ಇನ್ನೊಂದು ಕೈಯ ಬಲ ಕಡಿಮೆಯಿದೆಯೇ ಎಂದು ನೋಡಬೇಕಾದ ವಯಸ್ಸದು. ನಿನ್ನೆವರೆಗೆ ಮಾಡುತ್ತಿದ್ದುದನ್ನು ಕೂಸು ಮರೆತರೆ ಒಂದು ವಾರವೂ ತಡಮಾಡುವಂತಿಲ್ಲ.

ಕಾಲಿನ ಲೆಕ್ಕವನ್ನು ಎಲ್ಲರೂ ಇಡುತ್ತಾರೆ, ಕಿವಿಯದನ್ನು ಇಡುವವರು ಕಡಿಮೆ. ಕೇಳಿಸದ ಕೂಸೂ ಮೊದಮೊದಲು ‘ಊಂ, ಆಂ’ ಎನ್ನುತ್ತದೆ, ಹಾಗಾಗಿ ಮನೆಯವರು ಏಮಾರುತ್ತಾರೆ. ಏಳೆಂಟು ತಿಂಗಳಿಗೆ ‘ಬಾಬಾ’, ‘ಮಾಮಾ’ ಬರಬೇಕಾದಲ್ಲಿ ಸದ್ದು ಇಳಿಯುತ್ತದೆ. ಹೆಸರು ಕರೆದರೂ ತಿರುಗುವುದಿಲ್ಲ. ಜೇಜುರಿಯ ‘ಯೇಳಕೋಟ’ ಘೋಷಕ್ಕೂ ಬೆಚ್ಚದ ಕೂಸನ್ನು ‘ಎಷ್ಟು ಶಾಂತ’ ಎಂದು ಹೊಗಳಿ ಸುಮ್ಮನಾಗಬೇಡಿ. 1965ರಿಂದ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥ ತೊಂದರೆಗಳಿಗಾಗಿ. ನವಜಾತ ಶಿಶುವಿನ ಕಿವಿಯನ್ನೂ ಪರೀಕ್ಷಿಸಬಹುದು.

ಕೂಸು ಬೇಗ ನಡೆಯಲೆಂದು ವಾಕರ್‌ನಲ್ಲಿ ಕೂರಿಸುವ ಆತುರ ಬೇಡ. ಅದು ನಡಿಗೆ ಕಲಿಸುವುದಿಲ್ಲ, ಮೆಟ್ಟಿಲಿನಿಂದ ಉರುಳಿಸುವುದುಂಟು. ಕೆನಡಾ 2004ರಲ್ಲೇ ನಿಷೇಧಿಸಿದೆ. ನಿಲ್ಲಲು ಬಂದ ಕೂಸು ನೂಕಿಕೊಂಡು ಹೋಗುವ ಮರದ ಮೂರುಗಾಲಿ ಬಂಡಿಯೇ ವಾಸಿ, ದೊಡ್ಡವರು ಪಕ್ಕದಲ್ಲಿದ್ದರೆ.

ಜವಳಕ್ಕೆ ಹೊರಟವರಿಗೆ ಎರಡು ಮಾತು. ಕ್ಷೌರಕ್ಕೆ ಹೊಸ ಬ್ಲೇಡನ್ನೇ ಕೇಳಿ. ಭಂಡಾರ ಹಾರುವ ಗದ್ದಲದಿಂದ ಕೂಸನ್ನು ದೂರವಿಡಿ, ಆ ಪುಡಿ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹಣೆಗೊಂದು ಬೊಟ್ಟು ಸಾಕು, ಮೈಲಾರ ಮುನಿಯುವುದಿಲ್ಲ. ಊರಿಗೆ ಮರಳಿದ ಮೇಲೆ ತಾಯಿ ಕಾರ್ಡ್ ತೆಗೆದು ಬೆಳವಣಿಗೆಯ ಪುಟ ನೋಡಿ. ಅನುಮಾನ ಬಂದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರಕ್ಕೆ ಕರೆದೊಯ್ಯಿರಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಲ್ಲಿನ ತಪಾಸಣೆ ಉಚಿತ.