ಫ್ಲೋರಿಡಾ ಕೀಸ್‌ನ ಕ್ರೀಡಾ ಮೀನುಗಾರಿಕೆ

ಫ್ಲೋರಿಡಾ ಕೀಸ್‌ನ ಕ್ರೀಡಾ ಮೀನುಗಾರಿಕೆ ಎಂದರೆ ಅಮೆರಿಕ ಸಂಯುಕ್ತ ಸಂಸ್ಥಾನದ ಫ್ಲೋರಿಡಾ ರಾಜ್ಯದ ದಕ್ಷಿಣ ತುದಿಯಲ್ಲಿರುವ ದ್ವೀಪಸರಣಿಯ ಸುತ್ತಲಿನ ಬೆಚ್ಚಗಿನ ಕಡಲಿನಲ್ಲಿ ಮನರಂಜನೆಗಾಗಿ ಗಾಳ ಹಾಕಿ ಮೀನು ಹಿಡಿಯುವ ಹವ್ಯಾಸ. ಮಾರಾಟದ ಉದ್ದೇಶವಿಲ್ಲದಿರುವುದರಿಂದ ಇದು ವೃತ್ತಿ ಮೀನುಗಾರಿಕೆಗಿಂತ ಭಿನ್ನವಾಗಿದೆ. ಇಲ್ಲಿಗೆ ಬರುವ ಹವ್ಯಾಸಿಗಳಲ್ಲಿ ಅನೇಕರು ಪರವಾನಗಿ ಹೊಂದಿದ ನಾವಿಕನ ದೋಣಿಯನ್ನು ಅರ್ಧ ದಿನದ ಮಟ್ಟಿಗೆ ಬಾಡಿಗೆಗೆ ಪಡೆದು, ಬೆಳಗಿನ ಹೊತ್ತು ಆತನ ಮಾರ್ಗದರ್ಶನದಲ್ಲಿ ಕಡಲಿಗಿಳಿಯುತ್ತಾರೆ. ಗಾಳಕ್ಕೆ ಬಿದ್ದ ಮೀನುಗಳಲ್ಲಿ ಕೆಲವನ್ನು ಅಡುಗೆಗೆ ಇಟ್ಟುಕೊಂಡು ಉಳಿದವನ್ನು ಜೀವಂತವಾಗಿ ನೀರಿಗೆ ಬಿಡುವುದು ಇಲ್ಲಿನ ರೂಢಿ. ಹೀಗೆ ಬಿಟ್ಟ ಮೀನು ಬದುಕುಳಿಯುತ್ತದೆಯೇ ಎಂಬ ಪ್ರಶ್ನೆಯ ಮೇಲೆ ಈ ಹವ್ಯಾಸದ ಹಾಗೂ ಅದನ್ನು ನಂಬಿದ ಜೀವನೋಪಾಯಗಳ ಭವಿಷ್ಯ ನಿಂತಿದೆ.

ಭೌಗೋಳಿಕ ಹಿನ್ನೆಲೆ

ಸಣ್ಣ ದ್ವೀಪ ಎಂಬ ಅರ್ಥದ ‘ಕಾಯೊ’ ಎಂಬ ಸ್ಪ್ಯಾನಿಷ್ ಪದದಿಂದ ‘ಕೀ’ ಎಂಬ ಹೆಸರು ಬಂದಿದೆ. ಮಯಾಮಿ ನಗರದ ದಕ್ಷಿಣಕ್ಕಿರುವ ಕೀ ಲಾರ್ಗೊದಿಂದ ಕೀ ವೆಸ್ಟ್‌ವರೆಗಿನ ಪ್ರಮುಖ ದ್ವೀಪಗಳನ್ನು ಸೇತುವೆಗಳ ಮೂಲಕ ಸಾಗುವ ಹೆದ್ದಾರಿಯೊಂದು ಜೋಡಿಸುತ್ತದೆ. ದ್ವೀಪಗಳ ಒಂದು ಬದಿಗೆ ಮೆಕ್ಸಿಕೊ ಕೊಲ್ಲಿ ಹಾಗೂ ಫ್ಲೋರಿಡಾ ಕೊಲ್ಲಿಗಳ ಆಳವಿಲ್ಲದ ನೀರಿದ್ದರೆ, ಇನ್ನೊಂದು ಬದಿಗೆ ಅಟ್ಲಾಂಟಿಕ್ ಸಾಗರವಿದೆ.

ಮೀನುಗಾರಿಕೆಯ ದೃಷ್ಟಿಯಿಂದ ಇಲ್ಲಿನ ಕಡಲನ್ನು ಮೂರು ವಲಯಗಳಾಗಿ ವಿಂಗಡಿಸಬಹುದು. ಮೊದಲನೆಯದು ಮೊಣಕಾಲಿನಿಂದ ಸೊಂಟದ ಮಟ್ಟದವರೆಗೆ ನೀರಿರುವ, ಕಡಲಹುಲ್ಲು ಬೆಳೆದ ಸಮತಟ್ಟು ಪ್ರದೇಶ. ಎರಡನೆಯದು ದಡದಿಂದ ಕೆಲವು ಕಿಲೋಮೀಟರ್ ದೂರದಲ್ಲಿ ದ್ವೀಪಗಳಿಗೆ ಸಮಾನಾಂತರವಾಗಿ ಹಬ್ಬಿರುವ ಹವಳದ ದಿಬ್ಬ. ಮೂರನೆಯದು ಅದರಾಚೆಗಿನ ಆಳ ಸಮುದ್ರ. ಗಲ್ಫ್ ಸ್ಟ್ರೀಮ್ ವ್ಯವಸ್ಥೆಯ ಭಾಗವಾದ ಫ್ಲೋರಿಡಾ ಪ್ರವಾಹ ಎಂಬ ಬೆಚ್ಚನೆಯ ಸಾಗರ ಪ್ರವಾಹ ಇಲ್ಲಿ ಹರಿಯುತ್ತದೆ. ಮೂರೂ ವಲಯಗಳು ಒಂದಕ್ಕೊಂದು ಸಮೀಪದಲ್ಲಿರುವುದರಿಂದ ಅರ್ಧ ದಿನದ ಅವಧಿಯಲ್ಲಿಯೇ ಆಳ ಸಮುದ್ರದ ಮೀನುಗಳನ್ನು ಅರಸಿ ಹೋಗಿ ಮರಳಲು ಸಾಧ್ಯವಾಗುತ್ತದೆ.

ಇತಿಹಾಸ

1912ರಲ್ಲಿ ರೈಲುಮಾರ್ಗವು ಕೀ ವೆಸ್ಟ್ ತಲುಪಿದ ನಂತರ ಈ ದ್ವೀಪಗಳಿಗೆ ಹೊರಗಿನವರ ಸಂಚಾರ ಸುಲಭವಾಯಿತು. ಲಾಂಗ್ ಕೀ ದ್ವೀಪದಲ್ಲಿದ್ದ ಮೀನುಗಾರಿಕಾ ಶಿಬಿರವು ಶ್ರೀಮಂತ ಹವ್ಯಾಸಿಗಳನ್ನು ಸೆಳೆಯಿತು. 1917ರಲ್ಲಿ ಅಲ್ಲಿ ಆರಂಭವಾದ ಸಂಘಕ್ಕೆ ಕಾದಂಬರಿಕಾರ ಝೇನ್ ಗ್ರೇ ಅಧ್ಯಕ್ಷರಾಗಿದ್ದರು. 1935ರ ಸೆಪ್ಟೆಂಬರ್‌ನ ಭೀಕರ ಚಂಡಮಾರುತವು ಶಿಬಿರವನ್ನೂ ರೈಲುಮಾರ್ಗವನ್ನೂ ನಾಶಮಾಡಿತು. ರೈಲು ಸೇತುವೆಗಳನ್ನೇ ಬಳಸಿಕೊಂಡು ನಿರ್ಮಿಸಿದ ರಸ್ತೆಯು 1938ರಲ್ಲಿ ಸಂಚಾರಕ್ಕೆ ತೆರೆಯಿತು.

ಲೇಖಕ ಅರ್ನೆಸ್ಟ್ ಹೆಮಿಂಗ್ವೇ 1928ರಲ್ಲಿ ಮೊದಲ ಬಾರಿಗೆ ಕೀ ವೆಸ್ಟ್‌ಗೆ ಬಂದರು. 1934ರಲ್ಲಿ ‘ಪಿಲಾರ್’ ಎಂಬ ದೋಣಿಯನ್ನು ಕೊಂಡು ಈ ಕಡಲಿನಲ್ಲಿ ದೊಡ್ಡ ಮೀನುಗಳನ್ನು ಬೆನ್ನಟ್ಟಿದರು. ಕ್ರೀಡಾ ಮೀನುಗಾರಿಕೆಯ ನಿಯಮಗಳನ್ನೂ ದಾಖಲೆಗಳನ್ನೂ ನಿರ್ವಹಿಸುವ ಅಂತರರಾಷ್ಟ್ರೀಯ ಸಂಘವು 1939ರಲ್ಲಿ ಸ್ಥಾಪನೆಯಾಯಿತು. ಹೆಮಿಂಗ್ವೇ ಅದರ ಉಪಾಧ್ಯಕ್ಷರಲ್ಲೊಬ್ಬರಾಗಿದ್ದರು. ಹಿಡಿದ ಮೀನನ್ನು ಕಟ್ಟೆಯ ಮೇಲೆ ನೇತುಹಾಕಿ ಛಾಯಾಚಿತ್ರ ತೆಗೆಸಿಕೊಳ್ಳುವುದು ಆ ಕಾಲದ ವಾಡಿಕೆಯಾಗಿತ್ತು. ಮುಂದಿನ ದಶಕಗಳಲ್ಲಿ ಮೀನನ್ನು ಬಿಡುವುದೇ ಹಿರಿಮೆ ಎಂಬ ಭಾವನೆ ಕ್ರಮೇಣ ಬೇರೂರಿತು.

ಬೆಳಗಿನ ಯಾನದ ಕ್ರಮ

ಅರ್ಧ ದಿನದ ಯಾನವು ಸಾಮಾನ್ಯವಾಗಿ ನಾಲ್ಕು ಗಂಟೆಗಳದ್ದು. ಬೇಸಿಗೆಯಲ್ಲಿ ಮಧ್ಯಾಹ್ನದ ವೇಳೆಗೆ ಗುಡುಗುಮಳೆಯಾಗುವ ಸಂಭವ ಹೆಚ್ಚಿರುವುದರಿಂದಲೂ, ಬೆಳಗಿನಲ್ಲಿ ಬಿಸಿಲಿನ ತಾಪ ಕಡಿಮೆ ಇರುವುದರಿಂದಲೂ ಬೆಳಗಿನ ಯಾನಕ್ಕೆ ಬೇಡಿಕೆಯಿದೆ.

ಪ್ರಯಾಣಿಕರು ಬರುವ ಮೊದಲೇ ನಾವಿಕನ ಕೆಲಸ ಆರಂಭವಾಗಿರುತ್ತದೆ. ಅನೇಕ ನಾವಿಕರು ನಸುಕಿನಲ್ಲಿಯೇ ಬೀಸುಬಲೆಯಿಂದ ಸಣ್ಣ ಮೀನುಗಳನ್ನು ಹಿಡಿದು, ಕಡಲ ನೀರು ಸದಾ ಹರಿಯುವ ತೊಟ್ಟಿಯಲ್ಲಿ ಜೀವಂತವಾಗಿ ಇರಿಸುತ್ತಾರೆ. ಇವೇ ಗಾಳದ ಎರೆಗಳು. ದೋಣಿ ಹೊರಟ ಮೇಲೆ ಎಲ್ಲಿಗೆ ಹೋಗಬೇಕೆಂಬುದನ್ನು ಗಾಳಿ, ಉಬ್ಬರವಿಳಿತ, ಪ್ರವಾಹದ ದಿಕ್ಕು ಹಾಗೂ ನೀರಿನ ಬಣ್ಣಗಳನ್ನು ನೋಡಿ ನಾವಿಕನು ನಿರ್ಧರಿಸುತ್ತಾನೆ. ಹಸಿರು ನೀರು ಕಡುನೀಲಿಗೆ ತಿರುಗುವ ಅಂಚು, ಸರ್ಗ್ಯಾಸಮ್ ಎಂಬ ಕಡಲಪಾಚಿ ಸಾಲಾಗಿ ತೇಲುವ ಜಾಗ, ಒಂದೇ ಕಡೆ ಸುತ್ತುವ ಫ್ರಿಗೇಟ್ ಹಕ್ಕಿ ಇವೆಲ್ಲ ಕೆಳಗೆ ಮೀನಿರುವುದರ ಸೂಚನೆಗಳು.

ಆಳ ಸಮುದ್ರದಲ್ಲಿ ದೋಣಿಯನ್ನು ನಿಧಾನವಾಗಿ ನಡೆಸುತ್ತ ಎರೆಗಳನ್ನು ಹಿಂದೆ ಎಳೆಯುತ್ತಾರೆ. ಹವಳದ ದಿಬ್ಬದ ಬಳಿ ಲಂಗರು ಹಾಕಿ, ಅರೆದ ಮೀನನ್ನು ನೀರಿಗೆ ಬಿಟ್ಟು ಅದರ ವಾಸನೆಯಿಂದ ಮೀನುಗಳನ್ನು ಆಕರ್ಷಿಸುತ್ತಾರೆ. ಸಮತಟ್ಟು ಪ್ರದೇಶದಲ್ಲಿ ಯಂತ್ರದ ಸದ್ದಿಗೆ ಮೀನು ಬೆದರುವುದರಿಂದ ಮಾರ್ಗದರ್ಶಿಯು ದೋಣಿಯ ಹಿಂಬದಿಯ ಅಟ್ಟಣಿಗೆಯ ಮೇಲೆ ನಿಂತು ಉದ್ದನೆಯ ಗಳದಿಂದ ಅದನ್ನು ನೂಕುತ್ತಾನೆ. ಎತ್ತರದಿಂದ ಮೀನನ್ನು ಮೊದಲು ಗುರುತಿಸುವವನೂ ಆತನೇ. ಆತ ಹೇಳಿದ ದಿಕ್ಕಿಗೆ, ಹೇಳಿದಷ್ಟು ದೂರಕ್ಕೆ ಗಾಳ ಎಸೆಯುವುದು ಹವ್ಯಾಸಿಯ ಕೆಲಸ.

ದಡಕ್ಕೆ ಮರಳಿದ ಬಳಿಕ ಸಹಾಯಕನು ಮೀನುಗಳನ್ನು ಕೊಯ್ದು ಶುಚಿಗೊಳಿಸಿ ಕೊಡುತ್ತಾನೆ. ಸಹಾಯಕನಿಗೆ ಬಾಡಿಗೆಯ ಹೊರತಾಗಿ ಭಕ್ಷೀಸು ನೀಡುವುದು ವಾಡಿಕೆ.

ಪ್ರಮುಖ ಮೀನುಗಳು

ಆಳ ಸಮುದ್ರದಲ್ಲಿ ಹಾಯಿಯಂತಹ ಬೆನ್ನುರೆಕ್ಕೆಯ ಸೇಲ್‌ಫಿಶ್ ಹಾಗೂ ಮಾಹಿ ಮಾಹಿ ಮುಖ್ಯವಾದವು. ಮಾಹಿ ಮಾಹಿಯನ್ನು ಸ್ಥಳೀಯರು ‘ಡಾಲ್ಫಿನ್’ ಎಂದೂ ಕರೆಯುತ್ತಾರೆ. ಸಸ್ತನಿಯಾದ ಡಾಲ್ಫಿನ್‌ಗೂ ಇದಕ್ಕೂ ಸಂಬಂಧವಿಲ್ಲ. ನೀರಿನಿಂದ ತೆಗೆದಾಗ ಹಸಿರು, ಹಳದಿ, ನೀಲಿ ಬಣ್ಣಗಳಿಂದ ಹೊಳೆಯುವ ಈ ಮೀನು ಸತ್ತ ಕೂಡಲೇ ಮಂಕಾಗುತ್ತದೆ. ಬಹುಬೇಗ ಬೆಳೆದು ಮೊದಲ ವರ್ಷದಲ್ಲಿಯೇ ಸಂತಾನೋತ್ಪತ್ತಿ ಮಾಡುವುದರಿಂದ ಇದನ್ನು ಆಹಾರಕ್ಕಾಗಿ ಇಟ್ಟುಕೊಳ್ಳುವುದು ಸಾಮಾನ್ಯ.

ದಿಬ್ಬದ ಸುತ್ತ ಸ್ನ್ಯಾಪರ್, ಗ್ರೂಪರ್ ಮತ್ತು ಕಿಂಗ್ ಮ್ಯಾಕೆರೆಲ್ ದೊರೆಯುತ್ತವೆ. ಕರ್ನಾಟಕದ ಕರಾವಳಿಯ ಅಂಜಲ್ ಮೀನು ಮತ್ತು ಕಿಂಗ್ ಮ್ಯಾಕೆರೆಲ್ ಒಂದೇ ಕುಲಕ್ಕೆ ಸೇರಿದವು. ದಿಬ್ಬದ ದೊಡ್ಡ ಬ್ಯಾರಕೂಡಾದಂತಹ ಮೀನುಗಳಲ್ಲಿ ಸಿಗ್ವಾಟೆರಾ ವಿಷವಿರುವ ಸಾಧ್ಯತೆಯಿದೆ. ಬೇಯಿಸಿದರೂ ಈ ವಿಷ ನಾಶವಾಗದ ಕಾರಣ ಅವುಗಳನ್ನು ತಿನ್ನದಿರುವುದು ಕ್ಷೇಮ.

ಆಳವಿಲ್ಲದ ನೀರಿನ ಟಾರ್ಪನ್, ಬೋನ್‌ಫಿಶ್ ಮತ್ತು ಪರ್ಮಿಟ್ ಹವ್ಯಾಸಿಗಳು ಹೆಚ್ಚು ಬೆಲೆಕೊಡುವ ಮೀನುಗಳು. ಟಾರ್ಪನ್ ನೀರಿನ ಮೇಲೆ ಬಂದು ಗಾಳಿಯನ್ನೂ ಗುಟುಕರಿಸಬಲ್ಲದು. 50 ವರ್ಷಕ್ಕೂ ಮೀರಿ ಬದುಕಬಲ್ಲ ಇದು ಪ್ರೌಢಾವಸ್ಥೆಗೆ ಬರಲು ಹಲವು ವರ್ಷಗಳು ಬೇಕು. ಆದ್ದರಿಂದ ಒಂದು ದೊಡ್ಡ ಟಾರ್ಪನ್ ಸತ್ತರೆ ಆ ನಷ್ಟ ಬೇಗನೆ ತುಂಬುವುದಿಲ್ಲ.

ಹಿಡಿದು ಬಿಡುವ ಪದ್ಧತಿ

ನೀರಿಗೆ ಬಿಟ್ಟ ಮೀನುಗಳೆಲ್ಲವೂ ಬದುಕುತ್ತವೆ ಎನ್ನುವಂತಿಲ್ಲ. ದೀರ್ಘಕಾಲ ಸೆಣಸಿದ ಮೀನು ಬಳಲಿರುತ್ತದೆ. ನೀರು ಬೆಚ್ಚಗಿದ್ದಷ್ಟೂ ಅದರಲ್ಲಿ ಕರಗಿದ ಆಮ್ಲಜನಕ ಕಡಿಮೆಯಾಗಿ ಚೇತರಿಕೆ ನಿಧಾನವಾಗುತ್ತದೆ. ಅಂತಹ ಸ್ಥಿತಿಯಲ್ಲಿ ಅದು ಶಾರ್ಕ್‌ಗಳಿಗೆ ಸುಲಭ ತುತ್ತಾಗುತ್ತದೆ. ಗಾಳದಲ್ಲಿರುವಾಗಲೇ ಮೀನನ್ನು ಶಾರ್ಕ್ ಕಚ್ಚಿಕೊಂಡು ಹೋಗುವುದೂ ಇಲ್ಲಿ ಸಾಮಾನ್ಯ. ಹತ್ತಿರದಲ್ಲಿ ಶಾರ್ಕ್ ಕಂಡರೆ ಅನುಭವಿ ಮಾರ್ಗದರ್ಶಿಯು ದಾರವನ್ನು ತುಂಡರಿಸುತ್ತಾನೆ ಅಥವಾ ಆ ಜಾಗವನ್ನೇ ಬಿಡುತ್ತಾನೆ.

ಸಾವನ್ನು ತಗ್ಗಿಸಲು ಕೆಲವು ಕ್ರಮಗಳು ರೂಢಿಯಲ್ಲಿವೆ. ತುದಿ ಒಳಕ್ಕೆ ಬಾಗಿರುವ ವೃತ್ತಾಕಾರದ ಗಾಳವು ಸಾಮಾನ್ಯವಾಗಿ ಬಾಯಿಯ ಮೂಲೆಯಲ್ಲಿ ಸಿಕ್ಕಿಕೊಳ್ಳುವುದರಿಂದ ಗಂಟಲು ಮತ್ತು ಕರುಳಿಗೆ ಗಾಯವಾಗುವುದು ಕಡಿಮೆ. ಸಾಕಷ್ಟು ಗಟ್ಟಿಯಾದ ಕೋಲು ಮತ್ತು ದಾರ ಬಳಸಿದರೆ ಸೆಣಸಾಟ ಬೇಗ ಮುಗಿಯುತ್ತದೆ. ಮೀನನ್ನು ನೀರಿನಲ್ಲಿಯೇ ಇಟ್ಟು, ಒದ್ದೆ ಕೈಯಿಂದ ಹಿಡಿದು ಗಾಳ ಬಿಡಿಸಬೇಕು. ಒಣ ಕೈ ತಗುಲಿದರೆ ಮೈಮೇಲಿನ ರಕ್ಷಕ ಲೋಳೆ ಅಳಿಸಿಹೋಗುತ್ತದೆ. ಆಳದಿಂದ ಮೇಲೆಳೆದ ಸ್ನ್ಯಾಪರ್ ಮತ್ತು ಗ್ರೂಪರ್‌ಗಳ ಗಾಳಿಚೀಲ ಒತ್ತಡ ಇಳಿದಂತೆ ಉಬ್ಬುವುದರಿಂದ ಅವು ತಾವಾಗಿ ಮುಳುಗಲಾರವು. ಅವನ್ನು ತೂಕ ಕಟ್ಟಿದ ಸಾಧನದಿಂದ ಮತ್ತೆ ಆಳಕ್ಕೆ ಇಳಿಸಿ ಬಿಡಲಾಗುತ್ತದೆ.

ನಿಯಮಗಳು

ಅಮೆರಿಕದ ಕರಾವಳಿ ಕಾವಲು ಪಡೆ ನೀಡುವ ಸಾಮಾನ್ಯ ನಾವಿಕ ಪರವಾನಗಿಯಡಿ ಒಂದು ದೋಣಿಯಲ್ಲಿ ಗರಿಷ್ಠ ಆರು ಮಂದಿ ಬಾಡಿಗೆ ಪ್ರಯಾಣಿಕರನ್ನು ಕರೆದೊಯ್ಯಬಹುದು. ಬಾಡಿಗೆ ದೋಣಿಗೆ ಫ್ಲೋರಿಡಾದ ಮೀನುಗಾರಿಕಾ ಪರವಾನಗಿ ಇದ್ದರೆ ಪ್ರಯಾಣಿಕರು ಪ್ರತ್ಯೇಕ ಪರವಾನಗಿ ಪಡೆಯಬೇಕಿಲ್ಲ. 2013ರಿಂದ ಫ್ಲೋರಿಡಾದಲ್ಲಿ ಟಾರ್ಪನ್ ಮತ್ತು ಬೋನ್‌ಫಿಶ್‌ಗಳನ್ನು ಹಿಡಿದು ಬಿಡುವುದಕ್ಕೆ ಮಾತ್ರ ಅವಕಾಶವಿದೆ. 40 ಅಂಗುಲಕ್ಕಿಂತ ಉದ್ದದ ಟಾರ್ಪನ್ ಅನ್ನು ಛಾಯಾಚಿತ್ರಕ್ಕಾಗಿಯೂ ನೀರಿನಿಂದ ಎತ್ತುವಂತಿಲ್ಲ. ದಾಖಲೆಗಾಗಿ ವಿಶೇಷ ಅನುಮತಿ ಚೀಟಿ ಪಡೆದವರಿಗೆ ಮಾತ್ರ ವಿನಾಯಿತಿ ಇದೆ. ಇತರ ಮೀನುಗಳಿಗೆ ಕನಿಷ್ಠ ಅಳತೆ, ದಿನದ ಮಿತಿ ಮತ್ತು ಋತು ನಿಗದಿಯಾಗಿದ್ದು, ಇವು ಕಾಲಕಾಲಕ್ಕೆ ಬದಲಾಗುತ್ತವೆ.

ಪರಿಸರದ ಸವಾಲುಗಳು

1990ರಲ್ಲಿ ದ್ವೀಪಗಳ ಸುತ್ತಲಿನ ಕಡಲನ್ನು ರಾಷ್ಟ್ರೀಯ ಸಾಗರ ಅಭಯಧಾಮವೆಂದು ಘೋಷಿಸಲಾಯಿತು. ಆದರೂ ಬೆಚ್ಚಗಾಗುತ್ತಿರುವ ಕಡಲು ಇಲ್ಲಿನ ದೊಡ್ಡ ಆತಂಕವಾಗಿದೆ. 2023ರ ಜುಲೈನಲ್ಲಿ ಮ್ಯಾನಟೀ ಕೊಲ್ಲಿಯ ಆಳವಿಲ್ಲದ ನೀರಿನ ಉಷ್ಣಾಂಶವು 38 ಡಿಗ್ರಿ ಸೆಲ್ಸಿಯಸ್ ದಾಟಿತು. ಆ ಬೇಸಿಗೆಯಲ್ಲಿ ಹವಳಗಳು ವ್ಯಾಪಕವಾಗಿ ಬಿಳುಚಿಕೊಂಡವು. ಹವಳದ ದಿಬ್ಬ, ಕಡಲಹುಲ್ಲು ಮತ್ತು ಕಾಂಡ್ಲಾಕಾಡುಗಳು ಮರಿಮೀನುಗಳಿಗೆ ಆಸರೆಯೂ ಆಹಾರದ ನೆಲೆಯೂ ಆಗಿವೆ. ಒಂದೊಂದು ಮೀನನ್ನು ಜಾಗ್ರತೆಯಿಂದ ಬಿಡುವುದು ದೋಣಿಯಲ್ಲಿರುವವರ ಕೈಯಲ್ಲಿದೆ. ಆದರೆ ಅದು ಮರಳಿ ಸೇರುವ ನೆಲೆಯ ಉಳಿವು ಮೀನುಗಾರಿಕಾ ನಿಯಮಗಳ ವ್ಯಾಪ್ತಿಯನ್ನು ಮೀರಿದ ವಿಷಯವಾಗಿದೆ.