ಔಟ್‌ಲುಕ್: ಹೆಸರು ಒಂದು, ತಂತ್ರಾಂಶ ಹಲವು

ದೂರದ ಮಕ್ಕಳು ಬರೆದ ಮಿಂಚಂಚೆಗಳನ್ನು ಹಳೆಯ ಗಣಕಯಂತ್ರದಲ್ಲಿ ಕಾಪಾಡಿಕೊಂಡಿರುವ ಮನೆಗಳು ಅನೇಕ. ಅವನ್ನು ಹೊಸ ಯಂತ್ರಕ್ಕೆ ಸಾಗಿಸ ಹೊರಟಾಗ ಮೈಕ್ರೋಸಾಫ್ಟ್ ಇಟ್ಟ ಹೆಸರುಗಳೇ ದಾರಿ ತಪ್ಪಿಸುತ್ತವೆ.

ಆಫೀಸ್ 97ರೊಡನೆ ಬಂದದ್ದು ‘ಔಟ್‌ಲುಕ್’. 1997ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 4ರೊಡನೆ ಉಚಿತವಾಗಿ ದೊರೆತದ್ದು ‘ಔಟ್‌ಲುಕ್ ಎಕ್ಸ್‌ಪ್ರೆಸ್’. ಎರಡನೆಯದು ಮೊದಲನೆಯದರ ಕಿರುರೂಪವಲ್ಲ. ಎರಡೂ ಪ್ರತ್ಯೇಕ ತಂತ್ರಾಂಶಗಳು.

ಎಕ್ಸ್‌ಪ್ರೆಸ್‌ನ ಸ್ಥಾನಕ್ಕೆ ವಿಸ್ಟಾದಲ್ಲಿ ‘ವಿಂಡೋಸ್ ಮೇಲ್’, ಅನಂತರ ‘ವಿಂಡೋಸ್ ಲೈವ್ ಮೇಲ್’, 2012ರ ವಿಂಡೋಸ್ 8ರಲ್ಲಿ ಬರಿಯ ‘ಮೇಲ್’ ಬಂದವು. ಅದೇ ವರ್ಷ ಹಾಟ್‌ಮೇಲ್ ಎಂಬ ಜಾಲಸೇವೆಯು ‘ಔಟ್‌ಲುಕ್ ಡಾಟ್ ಕಾಮ್’ ಎಂಬ ಹೆಸರು ತಳೆಯಿತು. 2024ರ ಅಂತ್ಯಕ್ಕೆ ‘ಮೇಲ್’ಗೆ ಬೆಂಬಲ ನಿಂತಿತು, ಅದರ ಉತ್ತರಾಧಿಕಾರಿಯ ಹೆಸರು ಮತ್ತೆ ‘ಹೊಸ ಔಟ್‌ಲುಕ್’!

ಆದುದರಿಂದ ಹೆಸರನ್ನು ನೆಚ್ಚದೆ ಕಡತದ ಬಗೆಯನ್ನು ಗಮನಿಸಬೇಕು. ಎಕ್ಸ್‌ಪ್ರೆಸ್‌ನ ಪತ್ರಗಳು ಡಿಬಿಎಕ್ಸ್, ಔಟ್‌ಲುಕ್‌ನಲ್ಲಿ ಉಳಿಸಿಟ್ಟವು ಸಾಮಾನ್ಯವಾಗಿ ಪಿಎಸ್‌ಟಿ, ವಿಂಡೋಸ್ ಮೇಲ್ ಹಾಗೂ ಲೈವ್ ಮೇಲ್‌ಗಳವು ಇಎಂಎಲ್ ಕಡತಗಳಲ್ಲಿರುತ್ತವೆ. ಡಿಬಿಎಕ್ಸ್ ಕಡತಗಳು ಕಣ್ಣಿಗೆ ಕಾಣದ ಗುಪ್ತ ಫೋಲ್ಡರಿನಲ್ಲಿರುವುದರಿಂದ ಸುಲಭವಾಗಿ ಕೈತಪ್ಪುತ್ತವೆ. ಹಳೆಯ ಯಂತ್ರವನ್ನು ಮಾರುವ ಮುನ್ನ ಇವನ್ನು ಹುಡುಕಿ ಪ್ರತಿ ತೆಗೆದಿರಿಸುವುದು ಒಳಿತು.